‘ಸರ್ಚ್ ಹಿಸ್ಟರಿ’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಮಾನ್ಯರೇ,
ಸಹಾಯ ಪುಟವೊಂದರ ಅನುವಾದ ನಾಳೆ ಸಂಜೆಯೊಳಗೆ ಕೊಡಬೇಕು. ಗೂಗಲ್‌ನಲ್ಲಿ ಹುಡುಕಿದ್ದು ಬ್ರೌಸರಿನಲ್ಲೂ ಉಳಿಯುತ್ತದೆ, ಲಾಗಿನ್ ಆಗಿದ್ದರೆ ಖಾತೆಯಲ್ಲೂ ಉಳಿಯುತ್ತದೆ. ಬ್ರೌಸರಿನದನ್ನು ಅಳಿಸಿದರೂ ಖಾತೆಯದು ಹಾಗೇ ಇರುತ್ತದೆ. ಎರಡಕ್ಕೂ ‘ಇತಿಹಾಸ’ ಎಂದರೆ, ಒಂದನ್ನು ಅಳಿಸಿದವರು ಎಲ್ಲ ಹೋಯಿತೆಂದು ನಂಬುತ್ತಾರೆ. ‘ಅನಾನಿಮೈಸ್’ಗೂ (ಮಾಹಿತಿ ಯಾರದೆಂದು ತಿಳಿಯದಂತೆ ಮಾಡುವುದಕ್ಕೆ) ಒಂದು ಕ್ರಿಯಾಪದ ಬೇಕು.

—
‘ಇತಿಹಾಸ’ ಸಲ್ಲದು. ಇತಿ-ಹ-ಆಸ, ‘ಹೀಗೆಯೇ ಇತ್ತು’. ಅಳಿಸಲು ಬರುವುದು ಇತಿಹಾಸವಲ್ಲ. ‘ಕಡತ’ ಎನ್ನಿ. ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಲೆಕ್ಕ ಬರೆದು, ಬೇಡವಾದಾಗ ಒರೆಸುತ್ತಿದ್ದರು; ಆ ಬಟ್ಟೆಯೇ ಹಿಂದಿನ ಕಡತ. ಇದಕ್ಕಿಂತ ಹೊಂದುವ ಪದವಿಲ್ಲ.

—
ಇವತ್ತು ಕಡತವೆಂದರೆ ಕಚೇರಿಯ ಫೈಲು. ಅಷ್ಟೇ. ‘ಒರೆಸಿದರೆ ಹೋಯಿತು’ ಎಂಬ ಭಾವವೂ ತಪ್ಪು. ಖಾತೆಯಿಂದ ಅಳಿಸಿದ್ದು ಕಣ್ಣಿಗೆ ಆಗಲೇ ಮರೆಯಾಗುತ್ತದೆ. ಗೂಗಲ್ ಸರ್ವರುಗಳಿಂದ ಪೂರ್ತಿ ಹೋಗಲು ಸುಮಾರು 2 ತಿಂಗಳು, ಬ್ಯಾಕಪ್ ಪ್ರತಿಗಳಲ್ಲಿ 6 ತಿಂಗಳವರೆಗೂ ಇರಬಹುದು. ಹಳೆಯದು ತಾನಾಗಿ ಅಳಿಯುವಂತೆ ಇಟ್ಟರೆ ಅವಧಿ 3, 18 ಅಥವಾ 36 ತಿಂಗಳು. 2020ರ ಜೂನ್‌ನಿಂದ ಹೊಸ ಖಾತೆಗಳಿಗೆ 18 ತಿಂಗಳು ಮೊದಲೇ ನಿಗದಿಯಾಗಿರುತ್ತದೆ. ಖಾತೆಯದಕ್ಕೆ ‘ಚಟುವಟಿಕೆ’ ಎನ್ನಿ, ಬಳಕೆದಾರರಿಗೆ ತೆರೆಯ ಮೇಲೆ ಕಾಣುವ ಪದವೇ ಅದು. ಬ್ರೌಸರಿನದಕ್ಕೆ ‘ಇತಿಹಾಸ’ ಇರಲಿ.

‘ಅನಾಮಿಕಗೊಳಿಸು’ ಮಾತ್ರ ಬೇಡ. 2006ರಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿಯಷ್ಟು ಹುಡುಕಾಟಗಳನ್ನು ಹೆಸರಿನ ಬದಲು ಸಂಖ್ಯೆ ಹಾಕಿ ಪ್ರಕಟಿಸಿತು. ಹುಡುಕಿದ ಊರು, ಮನೆತನದ ಹೆಸರುಗಳಿಂದಲೇ ಪತ್ರಕರ್ತರು ಒಬ್ಬರನ್ನು ಪತ್ತೆಹಚ್ಚಿದರು. ಅನಾಮಿಕರಾದರೂ ಗುರುತು ಉಳಿದಿತ್ತು. ಸಂಖ್ಯೆ ಹಾಕುವುದು ‘ಹೆಸರು ಮರೆಸುವುದು’. ಯಾರದೆಂದು ತಿಳಿಯದಂತೆ ಮಾಡುವುದು ‘ಗುರುತಳಿಸುವುದು’. ಗೂಗಲ್ ಲಾಗ್‌ಗಳಲ್ಲಿ (ಸರ್ವರು ತಾನಾಗಿ ಬರೆದಿಡುವ ದಾಖಲೆ) 9 ತಿಂಗಳಿಗೆ ಐಪಿ ವಿಳಾಸದ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಒಂದು ಭಾಗವನ್ನೂ 18 ತಿಂಗಳಿಗೆ ಕುಕೀ (ಜಾಲತಾಣ ಬ್ರೌಸರಿನಲ್ಲಿಡುವ ಪುಟ್ಟ ಗುರುತು) ಮಾಹಿತಿಯನ್ನೂ ತೆಗೆಯುತ್ತಾರೆ. ಅದನ್ನು ಒಂದೇ ಪದದಲ್ಲಿ ಮುಗಿಸದೆ ಹಾಗೆಯೇ ಬಿಡಿಸಿ ಬರೆಯಿರಿ.

—
‘ಸರ್ಚ್’ಗೆ ದಯವಿಟ್ಟು ‘ಶೋಧ’ ಬೇಡ. ನಾವು ಶೋಧಿಸುವುದು ಕಷಾಯವನ್ನು. ‘ಹುಡುಕಾಟ’ ಅಚ್ಚಗನ್ನಡ, ‘ಚಟುವಟಿಕೆ’ಗಿಂತ ‘ಹುಡುಕಾಟದ ಜಾಡು’ ಮೇಲು. ಎಷ್ಟು ಕಾಲ ಎರವಲು ಹೊರುವುದು?

—
‘ಖಾತೆ’ ಮರಾಠಿಯಿಂದ ಬಂತು, ‘ದಾಖಲೆ’ಯ ಬೇರು ಅರಬ್ಬಿಯಲ್ಲಿದೆ. ಅವನ್ನೂ ಹೊರಗೆ ಹಾಕುತ್ತೀರಾ? ತೆರೆಯ ಮೇಲೆ ‘ಜಾಡು’ ಎಂಬ ಬಟನ್ ಇಲ್ಲ. ಓದುವವರು ಎಲ್ಲಿ ಒತ್ತಬೇಕು?

—
ಎಲ್ಲರಿಗೂ ವಂದನೆಗಳು. ಪುಟಕ್ಕೆ ಹೋಗುತ್ತಿರುವುದು ಇದು: “ಬ್ರೌಸರ್ ಇತಿಹಾಸ ಅಳಿಸಿದರೆ ನಿಮ್ಮ ಖಾತೆಯ ಹುಡುಕಾಟ ಚಟುವಟಿಕೆ ಅಳಿಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಅಳಿಸಿ.” ‘ಗುರುತಳಿಸು’ ತೆಗೆದುಕೊಂಡೆ. ‘ಕುಕೀ’ ಹಾಗೇ ಇರುತ್ತದೆ.