ಪುಟ್ಟಿಯ ಎಲ್‌ಕೆಜಿ ಮತ್ತು ಟ್ಯೂಷನ್ನಿನ ವಿಷಯ

ಎಲ್ಲರಿಗೂ ನಮಸ್ಕಾರ. ಇಲ್ಲೇ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿರುವ ನಮ್ಮ ತಂಗಿಯ ಮಗಳು ನಿನ್ನೆ ರಾತ್ರಿ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಗ್ಗೆ ನೋಡಿದೆ. ಪುಟ್ಟಿಗೆ ಮೂರೂವರೆ ವರ್ಷವಾಯಿತು, ಪಕ್ಕದ ಮನೆಯ ಮಗು ಇಂಗ್ಲಿಷ್ ಅಕ್ಷರಗಳನ್ನೆಲ್ಲ ಬರೆಯುತ್ತದೆ, ಇವಳು ಮಾತ್ರ ಪೆನ್ಸಿಲು ಹಿಡಿದರೆ ಗೀಚುತ್ತಾಳೆ, ಎಲ್‌ಕೆಜಿಗೆ ಸೇರಿಸಲು ಹೋದ ಶಾಲೆಯವರು ಸಂಜೆಯ ಟ್ಯೂಷನ್ನಿಗೂ ಕಳುಹಿಸಿ ಎನ್ನುತ್ತಾರೆ, ಶನಿವಾರದೊಳಗೆ ಹಣ ಕಟ್ಟಬೇಕಂತೆ, ಏನು ಮಾಡಲಿ ದೊಡ್ಡಮ್ಮ ಎಂದು ಕೇಳಿದ್ದೀ. ಟೈಪು ಮಾಡಲು ಕಣ್ಣು ಸಾಲದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೂ ಕೊನೆಯವರೆಗೆ ಕೇಳು ಮಗಳೇ.

ನನ್ನ ತಮ್ಮ, ನಿಮಗೆಲ್ಲ ಸಣ್ಣಮಾವ, ಶಾಲೆಯಲ್ಲಿ ಪಟ್ಟ ಪಾಡು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದ್ದಲ್ಲ. ಅವನ ಒಪ್ಪಿಗೆ ಪಡೆದೇ ಮತ್ತೊಮ್ಮೆ ಹೇಳುತ್ತಿದ್ದೇನೆ. ಅವನಿಗೆ ಐದು ತುಂಬುವ ಮೊದಲೇ ಅಪ್ಪ ವಯಸ್ಸನ್ನು ಒಂದು ವರ್ಷ ಹೆಚ್ಚು ಬರೆಸಿ, ನನ್ನ ಜೊತೆಯಲ್ಲಿ ಒಂದನೇ ತರಗತಿಗೆ ಕಳುಹಿಸಿಬಿಟ್ಟರು. ಯಕ್ಷಗಾನದ ಮೇಳ ಬಂದ ಮರುದಿನ ಅಂಗಳದಲ್ಲಿ ಅಡಿಕೆ ಹೆಕ್ಕುತ್ತ, ಭಾಗವತರ ಪದಗಳನ್ನು ಕೇಳಿದಂತೆಯೇ ಹಾಡಿ ತೋರಿಸುತ್ತಿದ್ದ ಹುಡುಗ ಅವನು, ಎಡಗೈಯವನು. ಮಾಸ್ತರರು ಸ್ಲೇಟಿನಲ್ಲಿ ದೊಡ್ಡದಾಗಿ ‘ಅ’ ಬರೆದು ಅದರ ಮೇಲೆ ತಿದ್ದಿಸುತ್ತಿದ್ದರು. ಕಡ್ಡಿ ಎಡಗೈಗೆ ಹೋದರೆ ಬೆರಳ ಗೆಣ್ಣಿಗೆ ರೂಲುದೊಣ್ಣೆಯ ಪೆಟ್ಟು ಬೀಳುತ್ತಿತ್ತು. ಕಣ್ಣೀರಿಗೆ ಸ್ಲೇಟು ಒದ್ದೆಯಾಗಿ, ‘ಅ’ದ ಹೊಟ್ಟೆ ಒಂದು ಕಡೆ, ಬಾಲ ಇನ್ನೊಂದು ಕಡೆ ಹರಿದುಹೋಗಿರುತ್ತಿದ್ದುದು ಈಗಲೂ ನನ್ನ ಕಣ್ಣ ಮುಂದಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಬೆಳಗಾದರೆ ಹಟ್ಟಿಯಲ್ಲಿ ಕರುವಿನ ಹಿಂದೆ ಅಡಗಿ ಕೂರತೊಡಗಿದ. ಸ್ಪಷ್ಟವಾಗಿದ್ದ ಮಾತಿಗೆ ತೊದಲು ಬಂತು. ಅಡಿಕೆಗೆ ಸಿಂಪಡಿಸುವ ನೂರು ಲೀಟರು ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತೋಟಕ್ಕೆ ಬೇಕಾದಷ್ಟನ್ನೂ ಬಾಯಲ್ಲೇ ಲೆಕ್ಕ ಹಾಕಿ ಹೇಳುವವನು, ಇಂದಿಗೂ ಬ್ಯಾಂಕಿನಲ್ಲಿ ಚಲನ್ ತುಂಬಬೇಕಾದಾಗ ಪೆನ್ನನ್ನು ಪಕ್ಕದವರ ಕೈಗೆ ಕೊಡುತ್ತಾನೆ. ಬುದ್ಧಿ ಕಡಿಮೆಯಿತ್ತೆಂದು ಯಾರಾದರೂ ಹೇಳಬಲ್ಲರೇ? ಅದಕ್ಕೇ ಹೇಳುತ್ತೇನೆ, ಪುಟ್ಟಿಯ ಕೈಗೆ ಪೆನ್ಸಿಲು ತುರುಕಬೇಡಿ.

ನಾನು ಒಂದನೇ ತರಗತಿಯ ಮಕ್ಕಳ ನಡುವೆಯೇ ಕೆಲಸದಿಂದ ನಿವೃತ್ತಳಾದವಳು, ಈ ವಿಷಯದಲ್ಲಿ ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ. ಮಣಿಕಟ್ಟಿನಲ್ಲಿರುವ ಎಂಟು ಸಣ್ಣ ಎಲುಬುಗಳು ಮಗು ಹುಟ್ಟುವಾಗ ಇನ್ನೂ ಎಲುಬಾಗಿರುವುದಿಲ್ಲ, ಬರೀ ಮೃದ್ವಸ್ಥಿ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಗೀಚುವುದು ಆ ಕೈ ಬರವಣಿಗೆಗೆ ತಯಾರಾಗುವ ಕ್ರಮ, ಅದು ಸೋಮಾರಿತನವಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದು ಏಳನೇ ವರ್ಷದಲ್ಲಿ. ಅದಕ್ಕೆ ಮೊದಲಿನ ಒಂದು ವರ್ಷದ ಪೂರ್ವ ಶಿಕ್ಷಣದಲ್ಲೂ ಆಟಕ್ಕೇ ಹೆಚ್ಚಿನ ಜಾಗ. ಹಾಗೆಂದು ಅಲ್ಲಿಯ ಮಕ್ಕಳು ಓದು ಕಲಿಯದೆ ಉಳಿದಿಲ್ಲ. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಸ್ವತಃ ವೈದ್ಯೆ; ಆಕೆ ಬರೆಸುವ ಮೊದಲು ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳಿಂದ ಬೆರಳಾಡಿಸಿದರು. 1939ರಲ್ಲಿ ನಮ್ಮ ದೇಶಕ್ಕೆ ಬಂದು, ಯುದ್ಧದ ಆ ವರ್ಷಗಳಲ್ಲಿ ಮದರಾಸಿನಲ್ಲೂ ಕೊಡೈಕೆನಾಲಿನಲ್ಲೂ ಇದ್ದು ನಮ್ಮ ಶಿಕ್ಷಕರಿಗೆ ಇದನ್ನೇ ಕಲಿಸಿದರು. ಕೊಲ್ಲೂರಿನಲ್ಲಿ ನೀವು ಅಕ್ಕಿಯ ಮೇಲೆ ಪುಟ್ಟಿಯ ಬೆರಳು ಹಿಡಿದು ಬರೆಸಿದ್ದೀರಲ್ಲ, ಈ ವಯಸ್ಸಿಗೆ ಬರವಣಿಗೆ ಅಷ್ಟಿದ್ದರೆ ಸಾಕು. ಮತ್ತೊಮ್ಮೆ ಹೇಳುತ್ತೇನೆ, ಅವಳ ಕೈಗೆ ಪೆನ್ಸಿಲು ತುರುಕಬೇಡಿ; ಸಣ್ಣಮಾವನ ಬೆರಳಿಗೆ ಬಿದ್ದ ಪೆಟ್ಟು ಇನ್ನೊಂದು ಮಗುವಿಗೆ ಬೇಡ.

ಹಾಗಾದರೆ ಅಂಗನವಾಡಿ ಇಲ್ಲವೇ ಎಂದು ನೀನು ಕೇಳಬಹುದು. ಆ ಹೆಸರು ಕೇಳಿದರೆ ನನಗೆ ಗೌರವವೂ ಬರುತ್ತದೆ, ಸಂಕಟವೂ ಆಗುತ್ತದೆ. ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್, ಶಾಲೆಗೆ ಬರಲಾಗದ ಬಡ ಮಕ್ಕಳಿದ್ದ ಅಂಗಳಕ್ಕೇ ಪಾಠವನ್ನು ಕೊಂಡೊಯ್ದರು; ಬೀಜ, ಎಲೆ, ಕಲ್ಲುಗಳೇ ಅವರ ಆಟದ ಸಾಮಾನು. 1975ರ ಅಕ್ಟೋಬರ್ 2ರಂದು ಸರಕಾರ ದೇಶದ 33 ಬ್ಲಾಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು, ಊರೂರಿಗೆ ಅಂಗನವಾಡಿ ಬಂದದ್ದು ಹಾಗೆ. ನಮ್ಮ ಮನೆಯ ಹತ್ತಿರದ ಅಂಗನವಾಡಿಯಲ್ಲಿ ಕನ್ನಡದ ಟೀಚರು ನಿವೃತ್ತರಾದ ಮೇಲೆ ಕನ್ನಡವೂ ತುಳುವೂ ಬಾರದ ಒಬ್ಬರನ್ನು ನೇಮಿಸಿದರು. ಪಾಪ, ಆಕೆಗೆ ಮಕ್ಕಳ ಮೇಲೆ ಪ್ರೀತಿಯಿತ್ತು, ತಪ್ಪು ಆಕೆಯದ್ದಲ್ಲ. ಒಂದು ದಿನ ನಾನು ಹೋದಾಗ, ಹೊಟ್ಟೆ ನೋಯುತ್ತದೆ ಎಂದು ಅಳುತ್ತಿದ್ದ ಮಗುವಿಗೆ ಹಸಿವಾಗಿದೆ ಎಂದುಕೊಂಡು ಬಟ್ಟಲಿನಲ್ಲಿ ಉಪ್ಪಿಟ್ಟು ತಂದಿಟ್ಟಿದ್ದರು. ಮಗು ಇನ್ನಷ್ಟು ಜೋರಾಗಿ ಅತ್ತಿತು. ಉಳಿದ ಮಕ್ಕಳು ಬಾಯಿ ಬಿಡದೆ ಗೋಡೆಗೊರಗಿ ಕೂತಿದ್ದರು. ಊರವರ ಸಹಿ ಹಾಕಿಸಿ ಮನವಿ ಕೊಟ್ಟೆವು, ನೆನಪೋಲೆಯನ್ನೂ ಕೊಟ್ಟೆವು, ಉತ್ತರವೇ ಬರಲಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯಲ್ಲಿ ಬರೆದಿದೆ. ಒಂದನೇ ತರಗತಿಗೆ ಬೇಕಾದ ಭಾಷೆ ಮೂರು ವರ್ಷದ ಮಗುವಿಗೆ ಇನ್ನೂ ಹೆಚ್ಚು ಬೇಕಲ್ಲವೇ? ನ್ಯೂಜಿಲೆಂಡಿನ ಮಾವೊರಿ ಜನ ತಮ್ಮ ಭಾಷೆ ಅಳಿದುಹೋಗುತ್ತದೆ ಎಂದು ಕಂಡಾಗ, 1982ರಲ್ಲಿ ‘ಕೊಹಾಂಗ ರೆಓ’ ಎಂಬ ಶಿಶುಕೇಂದ್ರಗಳನ್ನು ತೆರೆದು ಅಜ್ಜ ಅಜ್ಜಿಯರನ್ನೇ ಮಕ್ಕಳ ನಡುವೆ ಕೂರಿಸಿದರು. ಅಲ್ಲಿ ಆಟ, ಊಟ, ನಿದ್ದೆ ಎಲ್ಲವೂ ಮಾವೊರಿಯಲ್ಲೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಗಡಿಯ ಈಚೆಗೆ ಉಳಿದ ನಮ್ಮಲ್ಲಿಯೂ ಅಜ್ಜಿಯರಿದ್ದೇವೆ, ನಮ್ಮನ್ನು ಯಾರೂ ಕರೆಯಲಿಲ್ಲ. ನಮ್ಮವರೂ ಸಹಿ ಹಾಕಿದ ಮರುವರ್ಷವೇ ಮಕ್ಕಳನ್ನು ಅಂಗನವಾಡಿಯಿಂದ ಬಿಡಿಸಿ ಬೇರೆ ಶಾಲೆಯ ವ್ಯಾನು ಹತ್ತಿಸಿದರು. ಮಕ್ಕಳ ಸಂಖ್ಯೆ ಇಳಿದ ಮೇಲೆ ಕನ್ನಡದ ಟೀಚರನ್ನು ಕೇಳುವ ಬಾಯಿಯೂ ಇಲ್ಲವಾಯಿತು. ಮುಳ್ಳೇರಿಯದ ಭಾವನಿಗೆ ಇದು ಬೇಸರವಾಗಬಹುದು, ಆದರೂ ಹೇಳದೆ ಇರಲಾರೆ.

ಹಾಂ, ನೀನು ಕೇಳಿದ್ದು ಶನಿವಾರದ ವಿಷಯ. ಟ್ಯೂಷನ್ನಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡ. ಶಾಲೆಯ ಹಣ ಕಟ್ಟುವ ಮೊದಲು ಮಕ್ಕಳು ಇರುವ ಹೊತ್ತಿನಲ್ಲೇ ಒಮ್ಮೆ ಹೋಗಿ, ಎಲ್‌ಕೆಜಿ ಕೋಣೆಯೊಳಗೆ ಸ್ವಲ್ಪ ಹೊತ್ತು ನಿಂತು ನೋಡು. ಪುಟ್ಟಿ ಕನ್ನಡದಲ್ಲಿ ಅತ್ತರೆ ಅರ್ಥವಾಗುವವರು ಅಲ್ಲಿ ಒಬ್ಬರಾದರೂ ಇದ್ದಾರೆಯೇ, ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆಯೇ, ಮನೆಗೆ ಬರೆಯುವ ಕೆಲಸ ಕೊಡುತ್ತಾರೆಯೇ, ಶೌಚಾಲಯದಲ್ಲಿ ನೀರಿದೆಯೇ, ಇಷ್ಟನ್ನು ವಿಚಾರಿಸು. ಬರೆಸಿಯೇ ತೀರುತ್ತೇವೆ ಎಂದರೆ ಈ ವರ್ಷ ಬಿಟ್ಟುಬಿಡು. 2020ರ ಶಿಕ್ಷಣ ನೀತಿಯೂ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದೇ ಹೇಳುತ್ತದೆ, ಇನ್ನೂ ಬೇಕಾದಷ್ಟು ಸಮಯವಿದೆ. ನಿಮ್ಮ ಓಣಿಯ ಅಂಗನವಾಡಿಯಲ್ಲಿ ಕನ್ನಡದ ಟೀಚರಿದ್ದರೆ ಅಲ್ಲಿಗೇ ಕಳುಹಿಸು.

ಮನೆಯಲ್ಲಿ ಚಪಾತಿ ಹಿಟ್ಟು ಕೊಟ್ಟು ಉಂಡೆ ಮಾಡಿಸು, ಹೆಸರುಕಾಳಿನಿಂದ ಕಡಲೆ ಬೇರೆ ಮಾಡಿಸು, ಅಬ್ಬಲಿಗೆ ಹೂ ಹೆಕ್ಕಿಸು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಹಿಡಿಯಲು ಕಲಿಯುವುದು ಹಾಗೆಯೇ. ಎಡಗೈ ಮುಂದೆ ಬಂದರೆ ತಡೆಯಬೇಡ. ರಾತ್ರಿ ಫೋನು ಆಚೆ ಇಟ್ಟು ಒಂದು ಕಥೆ ಹೇಳು, ಮಾರನೆಯ ದಿನ ಅದನ್ನೇ ಅವಳಿಂದ ಹೇಳಿಸು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಮೂರು ನಾಲ್ಕು ಪದ ಕೂಡಿಸಿ ಮಾತಾಡುವುದಿಲ್ಲ ಎಂದಾದರೆ ಮಾತ್ರ ತಡಮಾಡದೆ ಮಕ್ಕಳ ಡಾಕ್ಟರರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಬೇಕು. ಕಳೆದ ತಿಂಗಳು ಮದುವೆಮನೆಯಲ್ಲಿ ಅವಳು ನನ್ನ ಜೊತೆ ಆಡಿದ ಮಾತು ಕೇಳಿದರೆ ಆ ಚಿಂತೆ ಬೇಕಾಗಿಲ್ಲ. ಶಾಲೆಗೆ ಶುಕ್ರವಾರ ಹೋಗುವುದಾದರೆ ಗುರುವಾರ ಸಂಜೆಯೊಳಗೆ ನನಗೆ ಫೋನು ಮಾಡು, ಬೆಳಗ್ಗಿನ ಬಸ್ಸಿಗೆ ಹೊರಟು ನಾನೂ ಬರುತ್ತೇನೆ.