ಇಂಜಿನ್ ‘ಇಳಿಸು’ವುದೋ, ‘ಎತ್ತು’ವುದೋ?

ಗೆಳೆಯರೇ, ಒಂದೆರಡು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ನಮ್ಮ ಮನೆಯಲ್ಲಿ ಅಪ್ಪ ಕೊಂಡ 1984ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಇಂಜಿನ್ ಹಿಂಬದಿಯಿಂದ ಆಯಿಲ್ ಸೋರಿ ಕ್ಲಚ್ ಜಾರುತ್ತಿತ್ತು, ಹೋದ ತಿಂಗಳು ಇಂಜಿನ್ ಇಳಿಸಿದೆವು. ಇಳಿಸಿದಾಗಲೇ ಮುಗಿಸಿಕೊಳ್ಳಬೇಕಾದ ಕೆಲಸ ಬಹಳ ಇರುತ್ತೆ. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್, ಆಯಿಲ್ ಸೀಲು, ಮೌಂಟಿಂಗ್ ರಬ್ಬರು, ಆಮೇಲೆ ಬಾನೆಟ್ ಒಳಗಿನ ತಗಡು ಉಜ್ಜಿ ಬಣ್ಣ ಹೊಡೆಯೋದು. ಹಳೇ ಕಾರು ಇಟ್ಟುಕೊಂಡವರಿಗೆ ಆಗಲಿ ಅಂತ ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ತಂಗಿ ಅದನ್ನು ಓದಿ, ‘ಇಳಿಸಿದ ಮೇಲೆ’ ಅಂತ ಇದ್ದ ಕಡೆಯೆಲ್ಲ ‘ಹೊರತೆಗೆದ ಮೇಲೆ’ ಅಂತ ತಿದ್ದಿದ್ದಾಳೆ. ಚೈನ್ ಬ್ಲಾಕ್ (ಸರಪಳಿ ರಾಟೆ) ಹಾಕಿ ಮೇಲಕ್ಕೆ ಎತ್ತೋದನ್ನ ಇಳಿಸೋದು ಅಂದ್ರೆ ಹೇಗೆ ಅಂತ ಅವಳ ಪ್ರಶ್ನೆ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಒಲೆ ಮೇಲಿನ ಅನ್ನದ ಪಾತ್ರೆಯನ್ನೂ ಮೊದಲು ಎತ್ತಿಯೇ ಇಳಿಸೋದು, ಅಲ್ವಾ? ತಲೆ ಮೇಲಿನ ಹೊರೆ ಇಳಿಸ್ತೀವಿ, ಲಾರಿಯಿಂದ ಮೂಟೆ ಇಳಿಸ್ತೀವಿ. ಹೊತ್ತುಕೊಂಡಿದ್ದಕ್ಕೆ ಭಾರ ಕಳೆಯಿತು ಅನ್ನೋದೇ ಅಲ್ಲಿ ಮುಖ್ಯ. ಪದ್ಮಿನಿಯದು 1089 ಸಿಸಿಯ ಸಣ್ಣ ಇಂಜಿನ್, ಆದರೂ ಅದರ ಬ್ಲಾಕು, ಅಂದ್ರೆ ಇಂಜಿನ್ನಿನ ಮೈ, ಎರಕದ ಕಬ್ಬಿಣದ್ದು. ಸರಪಳಿ ಬಿಗಿಯಾಗಿ ಇಂಜಿನ್ ಮೌಂಟಿಂಗ್ ಬಿಟ್ಟು ಮೇಲೇಳುತ್ತಿದ್ದ ಹಾಗೆ ಮುಂದಿನ ಸ್ಪ್ರಿಂಗುಗಳು ಸಡಿಲವಾಗಿ, ಕಾರಿನ ಮೂತಿ ನಿಧಾನಕ್ಕೆ ನಾಲ್ಕು ಬೆರಳಿನಷ್ಟು ಮೇಲೆ ಬಂತು. ಹೊರೆ ಇಳಿಸಿದವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರಲ್ಲ, ಥೇಟ್ ಹಾಗೇ. ಅದನ್ನು ನೋಡಿದ ಮೇಲೆ ‘ಹೊರತೆಗೆ’ ಅಂತ ಬರೆಯೋಕೆ ನನಗೆ ಮನಸ್ಸೇ ಬರುತ್ತಿಲ್ಲ.

ವಾಪಸ್ ಹಾಕುವಾಗ ಗ್ಯಾರೇಜಿನಲ್ಲಿ ‘ಕೂರಿಸು’ ಅಂತಾರೆ, ಗಣಪತಿ ಕೂರಿಸ್ತೀವಲ್ಲ ಅದೇ ಮಾತು. ‘ಜೋಡಿಸು’ ಅಂದ್ರೆ ಇಲ್ಲಿ ಅರ್ಥ ಪೂರ್ತಿ ಬರೋದಿಲ್ಲ. ಹಳೇ ಗೇರ್ ಶಾಫ್ಟ್ ಒಂದನ್ನು ತೂರಿಸಿ ಕ್ಲಚ್ ಪ್ಲೇಟನ್ನು ಸರಿಯಾಗಿ ನಡುವಿಗೆ ತಂದು ಬಿಗಿ ಮಾಡಿದ್ದರೆ ಮಾತ್ರ ಇಂಜಿನ್ ಗೇರ್ ಬಾಕ್ಸಿಗೆ ಕೂರುತ್ತೆ, ಕೂದಲೆಳೆ ಆಚೀಚೆ ಆದರೂ ಎಷ್ಟು ಅಲುಗಾಡಿಸಿದರೂ ಕೂರಲ್ಲ.

ಎರಡನೇದು ಕೋರ್ ಪ್ಲಗ್. ಬ್ಲಾಕ್ ಎರಕ ಹೊಯ್ದಾಗ ಒಳಗಿನ ಅಚ್ಚಿನ ಮರಳು ತೆಗೆಯೋಕೆ ಪಕ್ಕದಲ್ಲಿ ತೂತು ಉಳಿದಿರುತ್ತೆ, ಅದಕ್ಕೆ ಹೊಡೆದು ಕೂರಿಸಿದ ತೆಳು ತಗಡಿನ ಬಿಲ್ಲೆ. ಇಂಜಿನ್ ತಂಪು ಮಾಡೋ ನೀರಿಗೆ ಕೂಲಂಟ್ ಹಾಕದೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದರೆ ಒಳಗಿಂದ ತಿಂದುಹೋಗಿರುತ್ತೆ. ಇಂಜಿನ್ ಕಾರಿನಲ್ಲೇ ಇದ್ದರೆ ಕೆಲವಕ್ಕೆ ಸುತ್ತಿಗೆ ಬೀಸೋಕೂ ಜಾಗ ಸಿಗಲ್ಲ, ಹಾಗಾಗಿ ಇಳಿಸಿದಾಗಲೇ ಎಲ್ಲವನ್ನೂ ಬದಲಾಯಿಸಬೇಕು ಅಂತ ಬರೆದಿದ್ದೇನೆ. ಇದಕ್ಕೆ ‘ಮುಚ್ಚಳ’ ಅಂದ್ರೆ ತೆಗೆದು ಹಾಕೋ ವಸ್ತು ಅನ್ನಿಸುತ್ತೆ. ‘ಬೂಚು’ ಅನ್ನಬಹುದಾ? ‘ಬಿರಡೆ’?

ಇನ್ನು ಕೊಳೆ. ರೇಡಿಯೇಟರಿನ ಹಿತ್ತಾಳೆಗೆ ಹಿಡಿದಿದ್ದ ಹಸಿರನ್ನು ನಾನು ‘ಕಿಲುಬು’ ಅಂತ ಬರೆದಿದ್ದೆ, ತಂಗಿ ಅದನ್ನೂ ‘ತುಕ್ಕು’ ಮಾಡಿದ್ದಾಳೆ. ಇದು ಖಂಡಿತ ತಪ್ಪು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಕಿಲುಬು ಹಿಡೀಬಾರದು ಅಂತಲೇ ಮನೆಗಳಲ್ಲಿ ಪಾತ್ರೆಗೆ ಕಲಾಯಿ ಹಾಕಿಸ್ತಿದ್ದರು. ಇಂಜಿನ್ ಅಡಿಯ ಆಯಿಲ್ ಸಂಪಿನ ತಳದಲ್ಲಿ ಕಪ್ಪಗೆ ಗಟ್ಟಿಯಾದ ಆಯಿಲ್‌ಗೆ ‘ಮಡ್ಡಿ’ ಸರಿಹೋಯಿತು. ಆದರೆ ಕೋರ್ ಪ್ಲಗ್ ಕಿತ್ತಾಗ ಹಿಂದಿನಿಂದ ಹಿಡಿಗಟ್ಟಲೆ ಕೆಂಪು ಕೆಸರು ಬಂತು, ತುಕ್ಕು ನೀರಿನಲ್ಲಿ ಕಲೆತು ತಳ ಸೇರಿದ್ದು. ಬೆರಳಲ್ಲಿ ತಿಕ್ಕಿದರೆ ನುಣ್ಣಗೆ, ರಾಗಿ ಹಿಟ್ಟಿನ ಹಾಗೆ. ಅದಕ್ಕೆ ‘ಗಸಿ’ ಅನ್ನೋದಾ, ‘ಚರಟ’ ಅನ್ನೋದಾ?

ಹುಬ್ಬಳ್ಳಿ, ಬೆಳಗಾವಿ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ. ನಿಮ್ಮ ಕಡೆ ಗ್ಯಾರೇಜಿನಲ್ಲಿ ಇಂಜಿನ್ ಇಳಿಸ್ತಾರಾ, ಎತ್ತುತ್ತಾರಾ?