ಅಪ್‌ಡೇಟ್: ಧಾರವಾಡದ ನಮ್ಮ ಹೋಮ್‌ಸ್ಟೇಗೆ ವೈನ್ ಆರಿಸಿದ್ದಾತು

ಅತಿಥಿಗಳಿಗೆ ಊಟದ ಜೋಡಿ ಕೊಡಾಕ ಕೈಗೆಟುಕೋ ವೈನ್ ಯಾವುದು ಅಂತ ಕೇಳಿದ್ದೆ. ಮೊದಲು ಅಬಕಾರಿ ಪರವಾನಗಿ ನೋಡ್ರಿ ಅಂದವರಿಗೆ ಶರಣು; ಅದು ಕೈಗೆ ಬಂದಮ್ಯಾಲನ ಬಾಟಲಿ ತಂದೆ. ನಂದಿಬೆಟ್ಟದ ಕಡೆಯ ಶಿರಾಜ್ ಅನ್ನೋ ಕೆಂಪು ವೈನ್ ಒಂದು, ನಾಶಿಕದ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ಒಂದು.

ಎಣ್ಣೆಗಾಯಿ, ರಂಜಕದ ಜೋಡಿ ಶಿರಾಜ್ ಕುಡಿದರ ನಾಲಿಗಿ ಒಗರಾತು, ಖಾರ ಇನ್ನಷ್ಟು ಏರಿತು. ತುಸು ಸಿಹಿ ಇರೋ ಶೆನಿನ್ ತಣ್ಣಗ ಮಾಡಿ ಕೊಟ್ಟೆ ನೋಡ್ರಿ, ಶೇಂಗಾ ಹಿಂಡಿ ಹಚ್ಚಿದ ಖಡಕ್ ರೊಟ್ಟಿಗೂ ಭಾಳ ಚಂದ ಹೊಂದಿತು! ಅದನ್ನ ಕಾಯಂ ಮಾಡೇನಿ.

ನಮ್ಮ ಬ್ಯಾಸಗಿಯೊಳಗ ಕೆಂಪು ವೈನಿಗೂ ಅರ್ಧ ತಾಸು ಫ್ರಿಜ್ ಬೇಕ ಬೇಕು. 750 ಮಿಲಿ ಬಾಟಲಿಗೆ 150 ಮಿಲಿಯಂಗ 5 ಗ್ಲಾಸ್. ಉಳಿದದ್ದಕ್ಕ ಬಿರಡಿ ಬಿಗಿದು ಫ್ರಿಜ್‌ನಾಗಿಟ್ಟು, 3 ದಿನದಾಗ ಮುಗಿಸ್ತೀವಿ.